ಮಲ್ಪೆಯ ವಾರಾಂತ್ಯದ ಬೋರ್ಡು ಬಂದರಿನ ಮಾತು ಕೇಳಲಿ

ಶನಿವಾರ ಮಧ್ಯಾಹ್ನವಾಗುತ್ತಿದ್ದಂತೆ ಆದಿಉಡುಪಿಯಿಂದ ಕಲ್ಮಾಡಿಯ ಮೂಲಕ ಮಲ್ಪೆಗೆ ಹೋಗುವ ರಸ್ತೆಯಲ್ಲಿ ಹೊರ ಜಿಲ್ಲೆಗಳ ವಾಹನಗಳು ಸಾಲುಗಟ್ಟುತ್ತವೆ. ಬೀಚಿನ ಹತ್ತಿರ ಬಂದಂತೆ ಒಂದರ ನಂತರ ಒಂದು ಹೋಟೆಲಿನ ಮುಂದೆ ‘ವಾರಾಂತ್ಯದ ವಿಶೇಷ’ ಎಂಬ ಬೋರ್ಡು ಕಾಣಿಸುತ್ತದೆ. ದುಬಾರಿ ಅಂಜಲ್ ಮೀನಿನ ತವಾ ಫ್ರೈ, ಸಿಗಡಿ ಘೀ ರೋಸ್ಟ್, ಕಾಣೆ ರವಾ ಫ್ರೈ, ಜೊತೆಗೆ ಸಂಜೆಯ ಬಿಯರಿಗೆ ಒಂದರ ಮೇಲೆ ಒಂದು ಉಚಿತ. ನವೆಂಬರಿನಲ್ಲೂ ಮಾರ್ಚಿನಲ್ಲೂ ಜುಲೈಯಲ್ಲೂ ಅದೇ ಪಟ್ಟಿ. ಈ ಊರಿನಲ್ಲೇ ಬೆಳೆದು, ಇಲ್ಲಿಯ ಮೀನೂಟವನ್ನು ಮನಸಾರೆ ಪ್ರೀತಿಸುವ ನನಗೆ ಇದು ಬಹಳ ದಿನಗಳಿಂದ ನೋವು ಕೊಡುತ್ತಿರುವ ಸಂಗತಿ. ಕರ್ನಾಟಕದ ಅತಿ ದೊಡ್ಡ ಮೀನುಗಾರಿಕಾ ಬಂದರು ಕೂಗಳತೆಯಲ್ಲಿರುವಾಗ, ಆ ಬಂದರಿಗೆ ಆ ದಿನ ಏನು ಬಂತು ಎಂಬುದಕ್ಕೂ ಹೋಟೆಲಿನ ವಿಶೇಷಕ್ಕೂ ಸಂಬಂಧವೇ ಇಲ್ಲದಂತೆ ಆಗಬಾರದಿತ್ತು.

ಕಳೆದ ನವೆಂಬರಿನ ಒಂದು ಭಾನುವಾರ ಶಿವಮೊಗ್ಗದಿಂದ ಬಂದ ನಂಟರನ್ನು ಬೆಳಿಗ್ಗೆ ಬಂದರು ತೋರಿಸಲು ಕರೆದುಕೊಂಡು ಹೋಗಿದ್ದೆ. ಬೋಟುಗಳು ಮೀನು ಇಳಿಸುವ ದಕ್ಕೆಯ ತುಂಬ ಬಂಗುಡೆ. ಬುಟ್ಟಿಗಟ್ಟಲೆ ಸುರಿದು ಏಲಂ ನಡೆಯುತ್ತಿತ್ತು, ಮೀನಿನ ಬೆನ್ನಿನ ಹಸಿರುನೀಲಿ ಗೆರೆಗಳು ಇನ್ನೂ ಮಾಸಿರಲಿಲ್ಲ. ಮಧ್ಯಾಹ್ನ ಒಂದು ದೊಡ್ಡ ಹೋಟೆಲಿಗೆ ಹೋಗಿ ಹುಳಿ, ಖಾರದ ಬಂಗುಡೆ ಪುಳಿಮುಂಚಿ ಕೇಳಿದರೆ, ವಾರಾಂತ್ಯದಲ್ಲಿ ಅದನ್ನು ಮಾಡುವುದಿಲ್ಲ, ಅಂಜಲ್ ತೆಗೆದುಕೊಳ್ಳಿ ಎಂದರು. ಮೆನುವಿನಲ್ಲಿ ಅಂಜಲಿನ ಎದುರು ದರದ ಬದಲು ‘ಎ.ಪಿ.ಎಸ್.’ ಎಂಬ ಮೂರು ಅಕ್ಷರಗಳಿದ್ದವು, ಅಂದರೆ ಗಾತ್ರಕ್ಕೆ ತಕ್ಕ ದರ. ತುಂಡಿನ ಗಾತ್ರವನ್ನು ಮೊದಲು ತೋರಿಸಲಿಲ್ಲ, ದರವನ್ನು ಹೇಳಲೂ ಇಲ್ಲ. ಬಿಲ್ಲು ಬಂದಾಗ ನಂಟರ ಮುಖ ಸಣ್ಣದಾಯಿತು. ಮೀನು ಮೆತ್ತಗಾಗಿತ್ತು, ಮಸಾಲೆಯ ಕೆಳಗೆ ಅದಕ್ಕೆ ತನ್ನದೇ ಆದ ರುಚಿ ಇರಲಿಲ್ಲ. ಆತಿಥೇಯನಾದ ನನಗೆ ಹಣಕ್ಕಿಂತ ಹೆಚ್ಚಾಗಿ ಕಾಡಿದ್ದು, ಬೆಳಿಗ್ಗೆ ಅವರು ಕಣ್ಣಾರೆ ಕಂಡ ಮೀನನ್ನು ಮಧ್ಯಾಹ್ನ ಅವರ ಎಲೆಗೆ ಬಡಿಸಲಾಗಲಿಲ್ಲವಲ್ಲ ಎಂಬ ಸಂಕಟ.

ತಾಜಾ ಮೀನು ಎಂಬ ಮಾತನ್ನು ನಾವು ಸ್ವಲ್ಪ ಬಿಡಿಸಿ ನೋಡಬೇಕು. ಆಳಸಮುದ್ರಕ್ಕೆ ಹೋಗುವ ಟ್ರಾಲ್ ಬೋಟುಗಳು ವಾರಕ್ಕಿಂತ ಹೆಚ್ಚು ದಿನ ಕಡಲಿನಲ್ಲೇ ಇದ್ದು, ಹಿಡಿದ ಮೀನನ್ನು ಐಸಿನಲ್ಲಿಟ್ಟುಕೊಂಡು ಬರುತ್ತವೆ. ಮೊದಲ ದಿನ ಬಲೆಗೆ ಬಿದ್ದ ಮೀನಿಗೂ ಕೊನೆಯ ದಿನದ ಮೀನಿಗೂ ಅಷ್ಟೇ ದಿನಗಳ ಅಂತರವಿರುತ್ತದೆ. ಬೆಳಗಿನ ಜಾವ ಹೊರಟು ಅದೇ ದಿನ ಮರಳುವ, ಮೀನಿನ ಗುಂಪನ್ನು ಬಲೆಯಿಂದ ಸುತ್ತುವರಿಯುವ ಪರ್ಸೀನ್ ಬೋಟುಗಳು ಮತ್ತು ನಾಡದೋಣಿಗಳು ತರುವ ಬಂಗುಡೆ, ಬೂತಾಯಿಗಳ ಮಾತೇ ಬೇರೆ. ಎಂದರೆ, ದುಬಾರಿ ಮೀನು ತಾಜಾ ಮೀನೇ ಆಗಿರಬೇಕೆಂದಿಲ್ಲ. ಅನೇಕ ದಿನ ಅಗ್ಗದ ಮೀನೇ ಹೆಚ್ಚು ತಾಜಾ ಆಗಿರುತ್ತದೆ. ಮಳೆಗಾಲ ಕಳೆದ ಮೇಲಿನ ತಿಂಗಳುಗಳಲ್ಲಿ ಬೂತಾಯಿಯ ಮೈಯಲ್ಲಿ ಕೊಬ್ಬು ತುಂಬಿರುತ್ತದೆ. ಆಗ ಅದಕ್ಕೆ ಉಪ್ಪು, ಹುಳಿ, ಬ್ಯಾಡಗಿ ಮೆಣಸು ಸಾಕು; ಕಾವಲಿಯ ಮೇಲೆ ಹಾಕಿದರೆ ತನ್ನ ಎಣ್ಣೆಯನ್ನು ತಾನೇ ಬಿಟ್ಟುಕೊಳ್ಳುತ್ತದೆ. ಅಂತಹ ಬೂತಾಯಿಯನ್ನು ‘ವಿಶೇಷ’ ಎಂದು ಕರೆಯಲು ನಮ್ಮ ಹೋಟೆಲುಗಳು ಏಕೆ ಹಿಂಜರಿಯುತ್ತವೆ? ಬಡವರ ಮೀನು ಎಂಬ ಹೆಸರು ಅದಕ್ಕೆ ಅಂಟಿಕೊಂಡಿದೆ, ಪ್ರವಾಸಿಗರು ಮುಳ್ಳಿಗೆ ಹೆದರುತ್ತಾರೆ ಎಂಬ ಕಾರಣವನ್ನೂ ಕೊಡುತ್ತಾರೆ. ಮುಳ್ಳು ಬಿಡಿಸುವುದನ್ನು ತೋರಿಸಿಕೊಟ್ಟರೆ ಕಲಿಯದವರು ಯಾರೂ ಇಲ್ಲ. ನನ್ನ ನಂಟರ ಮಗಳು ಮರುದಿನ ನಮ್ಮ ಮನೆಯಲ್ಲಿ ಒಂದೇ ಊಟದಲ್ಲಿ ಕಲಿತಳು.

ಸರಿಯಾಗಿ ನಡೆಸುವವರು ಇಲ್ಲವೆಂದಲ್ಲ. ಬೀಚಿನಿಂದ ಸ್ವಲ್ಪ ಒಳಗೆ, ಓಣಿಯೊಂದರಲ್ಲಿ ನಾಲ್ಕು ಮೇಜುಗಳ ಒಂದು ಊಟದ ಮನೆ ಇದೆ. ನಡೆಸುವ ಅಕ್ಕ ಬೆಳಿಗ್ಗೆ ತಾವೇ ಬಂದರಿಗೆ ಹೋಗಿ ಬಂದು, ಬಾಗಿಲ ಬಳಿ ತೂಗುಹಾಕಿದ ಮಕ್ಕಳ ಸ್ಲೇಟಿನಲ್ಲಿ ಆ ದಿನದ ಮೀನಿನ ಹೆಸರನ್ನೂ ದರವನ್ನೂ ಸೀಮೆಸುಣ್ಣದಲ್ಲಿ ಬರೆಯುತ್ತಾರೆ. ಒಮ್ಮೆ ನಾನು ಅಂಜಲ್ ಕೇಳಿದಾಗ, “ಇವತ್ತು ಬಂಗುಡೆ ಮತ್ತು ನಂಗ್ ಮಾತ್ರ ಉಂಟು. ಅಂಜಲ್ ನೋಡಿದೆ, ಮನಸ್ಸಾಗಲಿಲ್ಲ, ತರಲಿಲ್ಲ” ಎಂದರು. ಕುಚ್ಚಲಕ್ಕಿ ಅನ್ನ, ಮಣ್ಣಿನ ಪಾತ್ರೆಯಲ್ಲಿ ಮಾಡಿದ, ಹುಳಿ, ಖಾರ ಮೀನಿನೊಳಗೆ ಇಳಿದ ಪುಳಿಮುಂಚಿ, ಗರಿಗರಿಯಾಗಿ ಹುರಿದ ನಂಗ್. ಭಾನುವಾರ ಮಾತ್ರ ಕೋರಿ ರೊಟ್ಟಿ ಇರುತ್ತದೆ, ಚಿಪ್ಪುಮೀನು ಸಿಕ್ಕಿದ ದಿನ ಅದನ್ನು ಅಕ್ಕಿಯುಂಡೆಯ ಜೊತೆ ಬೇಯಿಸಿದ ಮರುವಾಯಿ ಪುಂಡಿ. ಮೀನು ಮುಗಿದರೆ ಸ್ಲೇಟು ಒರೆಸಿ ಬಾಗಿಲು ಹಾಕುತ್ತಾರೆ. ದೊಡ್ಡ ಹೋಟೆಲಿಗೆ ಇಷ್ಟು ಸಾಧ್ಯವಿಲ್ಲ ಎಂಬ ವಾದವನ್ನು ನಾನು ಅರ್ಧ ಒಪ್ಪುತ್ತೇನೆ. ನೂರಾರು ಜನರಿಗೆ ಬಡಿಸುವವರು ಮೊದಲೇ ಮೀನು ಗೊತ್ತುಮಾಡಿಕೊಳ್ಳಬೇಕಾಗುತ್ತದೆ. ಆದರೆ ಇಡೀ ಮೆನುವನ್ನು ಬದಲಿಸಿ ಎಂದು ನಾನು ಕೇಳುತ್ತಿಲ್ಲ. ಎರಡು ಸಾಲು ಸಾಕು: ಇಂದು ಬಂದರಿಗೆ ಬಂದ ಮೀನು ಇದು, ಅದರ ದರ ಇಷ್ಟು.

ಪಾನೀಯದ ವಿಷಯದಲ್ಲಿ ನನ್ನ ಅಸಮಾಧಾನ ಇನ್ನೂ ಹೆಚ್ಚು. ಬಿಯರಿನ ಕೊಡುಗೆಗೆ ದೀಪದ ಬೋರ್ಡು ಹಾಕುವ ಹೋಟೆಲಿನಲ್ಲಿ ಪುನರ್ಪುಳಿ (ಕೋಕಂ) ಶರಬತ್ತು ಕೇಳಿದರೆ ಬಾಟಲಿಯ ಬಣ್ಣದ ನೀರು ಬರುತ್ತದೆ. ಪುನರ್ಪುಳಿಯ ಹಣ್ಣು ಬರುವುದು ಏಪ್ರಿಲ್, ಮೇ ತಿಂಗಳುಗಳಲ್ಲಿ. ಆಗ ಸಿಪ್ಪೆಯನ್ನು ಒಣಗಿಸಿಟ್ಟುಕೊಂಡರೆ ವರ್ಷವಿಡೀ ಸಾರಿಗೂ ಶರಬತ್ತಿಗೂ ಆಗುತ್ತದೆ, ಖರ್ಚೂ ದೊಡ್ಡದಲ್ಲ. ಖಾರದ ಮೀನೂಟದ ನಂತರ ಇದಕ್ಕಿಂತ ಹಿತವಾದ ಪಾನೀಯ ನನಗೆ ಗೊತ್ತಿಲ್ಲ. ಮದ್ಯ ಬೇಕಾದವರು ಕುಡಿಯಲಿ, ಅದಕ್ಕೆ ನನ್ನ ತಕರಾರಿಲ್ಲ. ಕುಡಿದವರು ನೇರವಾಗಿ ಅಲೆಗಳತ್ತ ನಡೆಯುವಷ್ಟು ಹತ್ತಿರದಲ್ಲಿ ‘ಹೆಚ್ಚು ಕುಡಿದರೆ ಹೆಚ್ಚು ಉಳಿತಾಯ’ ಎಂಬಂತಹ ಕೊಡುಗೆಗಳು ಬೇಡ ಎಂಬುದಷ್ಟೇ ನನ್ನ ಮಾತು.

ಇನ್ನು ಮಳೆಗಾಲ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ರಜೆ. ಮೀನು ಮೊಟ್ಟೆಯಿಡುವ ಕಾಲದಲ್ಲಿ ಕಡಲಿಗೆ ಬಿಡುವು ಸಿಗಲೆಂಬುದು ಅದರ ಉದ್ದೇಶ. ಸಾಲುಸಾಲು ಬೋಟುಗಳು ಬಂದರಿನಲ್ಲಿ ಲಂಗರು ಹಾಕಿ ನಿಂತಿರುವ ಆ ದಿನಗಳಲ್ಲೂ ಹೋಟೆಲಿನ ಬೋರ್ಡಿನಲ್ಲಿ ಅಂಜಲ್ ಇರುತ್ತದೆ. ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ರಿಂದ ಜೂನ್ 14ರ ವರೆಗೆ. ಆದ್ದರಿಂದ ಜೂನ್ ಮಧ್ಯದ ನಂತರ ಇಲ್ಲಿ ನಿಂತಿರುವಾಗ ಅಲ್ಲಿ ಹಿಡಿಯುತ್ತಾರೆ, ಐಸು ತುಂಬಿದ ಲಾರಿಗಳಲ್ಲಿ ಆ ಮೀನು ಘಟ್ಟ ಇಳಿದು ಬರುತ್ತದೆ. ಅದನ್ನು ಮಾರುವುದು ತಪ್ಪಲ್ಲ, ಅದನ್ನು ಮಲ್ಪೆಯ ಮೀನೆಂದು ನಂಬಿಸುವುದು ತಪ್ಪು. ಅಲ್ಲದೆ ಆ ಎರಡು ತಿಂಗಳು ನಮ್ಮ ಅಡುಗೆಮನೆಗಳು ಬರಿದಾಗಿರುತ್ತವೆಯೇ? ಹುಳಿ ಸೇರಿಸಿ ಕೆಸುವಿನ ಎಲೆಯ ತುರಿಕೆ ಕಳೆದು, ಅಕ್ಕಿಯ ಹಿಟ್ಟು ಸವರಿ, ಸುರುಳಿ ಸುತ್ತಿ ಬೇಯಿಸುವ ಪತ್ರೊಡೆ ಇದೆ. ದಿನವೂ ನೀರು ಬದಲಿಸಿ ನೆನೆಸಿಟ್ಟು ಮಾಡುವ ಕಣಿಲೆಯ (ಎಳೆ ಬಿದಿರಿನ) ಪಲ್ಯವಿದೆ. ಬೇಸಗೆಯಲ್ಲಿ ಕೂಡಿಟ್ಟ ಹಲಸಿನ ಬೀಜವಿದೆ, ಬಿಸಿ ಗಂಜಿಯ ಜೊತೆಗೆ ಸುಟ್ಟ ಒಣಮೀನಿನ ಚಟ್ನಿ ಇದೆ. ಕಡಲು ಅನುವು ಕೊಟ್ಟ ದಿನ ನಾಡದೋಣಿಯವರು ತರುವ ಒಂದಿಷ್ಟು ಸಿಗಡಿಯೂ ಇದೆ. ಆಟಿ ತಿಂಗಳ ಮಳೆಯಲ್ಲಿ ಮಲ್ಪೆಗೆ ಬಂದವರಿಗೆ ಬಿಸಿ ಗಂಜಿ, ಒಣಮೀನಿನ ಚಟ್ನಿ, ಪತ್ರೊಡೆಗಳನ್ನು ವಾರಾಂತ್ಯದ ವಿಶೇಷವೆಂದು ಬರೆದು ಬಡಿಸುವ ಹೋಟೆಲು ಬೀಚಿನ ರಸ್ತೆಯಲ್ಲಿ ಒಂದಾದರೂ ಇದ್ದರೆ, ಶಿವಮೊಗ್ಗದ ನಂಟರನ್ನು ನಾನು ಮುಂದಿನ ಜುಲೈಯಲ್ಲೇ ಕರೆಯುತ್ತೇನೆ.