ಯಾರೋ ಮಿಲಿಟರಿಯವರು

ಭಾನುವಾರ ಬೆಳಿಗ್ಗೆ ಹಾಲು ತರೋಕೆ ಹೋದವಳು ಸಿಟ್ಟು ತಗೊಂಡು ಮನೆಗೆ ಬಂದೆ. ಬರೆಯದೆ ಇಳಿಯೋ ಹಾಗೆ ಕಾಣ್ತಿಲ್ಲ.

ಮಡಿಕೇರಿ ದೇವಯ್ಯ ಸರ್ಕಲ್. ಜಿಟಿಜಿಟಿ ಮಳೆ. ಬೆಂಗಳೂರಿನ ಕಾರೊಂದು ನಿಂತಿತ್ತು. ಏಳೆಂಟು ವರ್ಷದ ಹುಡುಗ ಪ್ರತಿಮೆ ತೋರಿಸಿ "ಅಪ್ಪಾ, ಇದು ಯಾರು?" ಅಂದ. ಅಪ್ಪ ಫೋನಿಂದ ತಲೆ ಎತ್ತಲೇ ಇಲ್ಲ. "ಯಾರೋ ಮಿಲಿಟರಿಯವರು ಕಣೋ. ಕೊಡಗಲ್ವಾ, ಇಲ್ಲೆಲ್ಲಾ ಅವರೇ."

ಪಕ್ಕದಲ್ಲಿದ್ದ ಗೆಳೆಯರು ಇನ್ನೂ ಒಂದು ಹೆಜ್ಜೆ ಮುಂದೆ. "ತಿಮ್ಮಯ್ಯ ಇರ್ಬೇಕು ಬಿಡಿ." ಹೌದಪ್ಪ. ಯೂನಿಫಾರ್ಮ್ ಹಾಕಿದ್ರೆ ತಿಮ್ಮಯ್ಯ, ಮೀಸೆ ಇದ್ರೆ ಕಾರ್ಯಪ್ಪ. ಕೊಡಗಿನ ಇತಿಹಾಸ ಮುಗೀತು, ಇನ್ನು ಕಾಫಿ ಪುಡಿ ತಗೊಂಡು ಹೊರಡಿ.

ನಿಮಗೆ ಗೊತ್ತಲ್ಲ, ನಾನು ಕೊಡವರವಳಲ್ಲ. ಸುಳ್ಯದವಳು, ಮದುವೆಯಾಗಿ ಘಟ್ಟ ಹತ್ತಿದವಳು. ಆದರೂ ಹೊಟ್ಟೆ ಉರೀತು.

ಆ ಹುಡುಗನಿಗೆ ಎಂಥಾ ಕಥೆ ತಪ್ಪಿಹೋಯ್ತು! ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ. 1965ರ ಸೆಪ್ಟೆಂಬರ್ 7. ವಯಸ್ಸು 32. ಪಾಕಿಸ್ತಾನದ ಸರ್ಗೋಧಾ ವಾಯುನೆಲೆ ಮೇಲೆ ದಾಳಿ ಮಾಡೋಕೆ ನಮ್ಮ ಪಂಜಾಬಿನ ಆದಂಪುರದಿಂದ 12 ಮಿಸ್ಟೇರ್ ವಿಮಾನ ಹೋಗಬೇಕಿತ್ತು. ಆ ಹನ್ನೆರಡರಲ್ಲಿ ದೇವಯ್ಯ ಇರಲೇ ಇಲ್ಲ! ಅವರು ಹೆಚ್ಚುವರಿ. ಯಾರಾದರೂ ಹಿಂದೆ ಸರಿದರೆ ಮಾತ್ರ ಹೋಗಬೇಕು, ಇಲ್ಲದಿದ್ದರೆ ವಾಪಸ್. ಒಂದು ವಿಮಾನ ತಪ್ಪಿತು. ಇವರು ಹೋದರು.

ವಾಪಸ್ ಬರೋವಾಗ ಬೆನ್ನಿಗೆ ಬಿದ್ದದ್ದು ಪಾಕಿಸ್ತಾನದ ಸ್ಟಾರ್‌ಫೈಟರ್, ಅಮೆರಿಕದಲ್ಲಿ ತಯಾರಾದ ಯುದ್ಧವಿಮಾನ. ಅದರ ವೇಗ ಶಬ್ದದ ವೇಗಕ್ಕಿಂತ ಎರಡು ಪಟ್ಟು. ಮಿಸ್ಟೇರ್ ನೆಟ್ಟಗೆ ಹಾರಿದರೆ ಶಬ್ದದ ವೇಗವನ್ನೂ ಮುಟ್ಟೋದಿಲ್ಲ. ಗುಂಡು ತಾಗಿದ ವಿಮಾನವನ್ನು ಬೇರೆಯವರಾಗಿದ್ದರೆ ಮನೆ ಕಡೆ ತಿರುಗಿಸುತ್ತಿದ್ದರು. ಇವರು ಅಟ್ಟಿಸಿಕೊಂಡು ಬಂದವನ ಕಡೆಗೇ ತಿರುಗಿಸಿದರು. ಅವನನ್ನು ಹೊಡೆದರು. ಸ್ಟಾರ್‌ಫೈಟರ್ ಬಿತ್ತು. ಅದರ ಪೈಲಟ್ ಅಮ್ಜದ್ ಹುಸೇನ್ ಹೊರಗೆ ಹಾರಿ ಬದುಕಿದರು. ದೇವಯ್ಯ ಬರಲಿಲ್ಲ.

ನಮ್ಮವರು ಯಾರೂ ಇದನ್ನು ನೋಡಿರಲಿಲ್ಲ. ಹಾಗಾಗಿ ಕಾಗದದಲ್ಲಿ ಸುಮ್ನೆ 'ಕಾಣೆಯಾಗಿದ್ದಾರೆ'. ಒಂದು ವರ್ಷ ಅಲ್ಲ, ಎರಡು ವರ್ಷ ಅಲ್ಲ. 1979ರಲ್ಲಿ ಒಬ್ಬ ಇಂಗ್ಲಿಷ್ ಬರಹಗಾರ ಪಾಕಿಸ್ತಾನದ ಕಡೆಯ ಮಾಹಿತಿ ಇಟ್ಟುಕೊಂಡು ಪುಸ್ತಕ ಬರೆದ ಮೇಲೆ ವಿಷಯ ಹೊರಗೆ ಬಂತು. ಅವತ್ತು ದಾಳಿಯ ಮುಂದಾಳಾಗಿದ್ದ ತನೇಜಾ ಅವರು ವಾಯುಪಡೆಗೆ ಪತ್ರ ಬರೆದರು. 1988ರಲ್ಲಿ ಮಹಾವೀರ ಚಕ್ರ ಬಂತು. ಲೆಕ್ಕ ಹಾಕಿ, 23 ವರ್ಷ. ಆ ಪುಸ್ತಕ ಬರೋವರೆಗೆ ಅವರ ಹೆಂಡತಿಗೆ ಗಂಡ ಏನಾದರು ಅಂತ ಹೇಳೋಕೆ ನಮ್ಮ ಹತ್ತಿರ ಒಂದು ಸಾಲೂ ಇರಲಿಲ್ಲ. ನಮ್ಮ ಹುಡುಗನ ಸಾಹಸ ನಮಗೆ ಗೊತ್ತಾಗಿದ್ದು ಹೊಡೆಸಿಕೊಂಡವರ ಬಾಯಿಂದ!

ದೇಹವನ್ನು ಅಲ್ಲಿನ ಹಳ್ಳಿಯವರೇ ಹೊಲದಲ್ಲಿ ಮಣ್ಣು ಮಾಡಿದರಂತೆ. ಇದನ್ನೂ ಆ ಕಡೆಯವರೇ ಆಮೇಲೆ ಹೇಳಿದ್ದು. ಯಾರ ಹೊಲವೋ ಏನೋ. ಹೆಸರು ಗೊತ್ತಿಲ್ಲದ ಆ ರೈತರು ಮಾಡಬೇಕಾದ್ದನ್ನು ಮಾಡಿದರು. ನಾವಿಲ್ಲಿ ಕಂಚಿನಲ್ಲೋ ಕಲ್ಲಿನಲ್ಲೋ ನಿಲ್ಲಿಸಿ, ಕೆಳಗೆ ಹೆಸರು ಬರೆದ ಮೇಲೂ, 'ಯಾರೋ ಮಿಲಿಟರಿಯವರು'.

ಇದನ್ನು ಹೇಳಿದಾಗ ಮನೆಯಲ್ಲಿ ನಮ್ಮ ಯಜಮಾನರು ಪೇಪರ್ ಮಡಚಿ, "ಯುದ್ಧದಲ್ಲಿ ಎಷ್ಟೋ ಜನ ಹೋಗ್ತಾರೆ ಮಾರಾಯ್ತಿ, ಎಲ್ಲರನ್ನೂ ನೆನಪಿಟ್ಟುಕೊಳ್ಳೋಕಾಗುತ್ತಾ?" ಅಂದರು. ಆಗಲ್ಲ, ಒಪ್ಪಿದೆ. ನಾನು ಕೇಳಿದ್ದು ಎಲ್ಲರನ್ನಲ್ಲ. ಕಣ್ಣೆದುರು ನಿಂತಿರೋ ಒಬ್ಬರನ್ನು. ಹೆಸರು ಓದೋಕೆ ಎರಡು ಸೆಕೆಂಡ್. 2011ರ ವಿಶ್ವಕಪ್ ಫೈನಲ್‌ನಲ್ಲಿ ಯಾರು ಎಷ್ಟು ರನ್ ಹೊಡೆದರು ಅಂತ ಇದೇ ಮನುಷ್ಯ ನಿದ್ದೆಯಲ್ಲೂ ಹೇಳ್ತಾರೆ. ಅದಕ್ಕೆ ತಲೆಯಲ್ಲಿ ಜಾಗ ಇದೆ.

ಸರಿ, ಈಗ ನನ್ನ ಬಂಡವಾಳವನ್ನೂ ಬಿಚ್ಚಿಬಿಡ್ತೇನೆ. ನಾನು ಮಡಿಕೇರಿಗೆ ಬಂದು ಹನ್ನೊಂದು ವರ್ಷ. ಎಷ್ಟು ಸಲ ಆಟೋದವರಿಗೆ "ದೇವಯ್ಯ ಸರ್ಕಲ್ ಹತ್ರ ನಿಲ್ಸಿ" ಅಂದಿದ್ದೇನೋ. ದೇವಯ್ಯ ಅಂದ್ರೆ ಯಾರೋ ಹಳೇ ಎಮ್ಮೆಲ್ಲೆ ಇರಬೇಕು ಅಂದುಕೊಂಡಿದ್ದೆ. ದೇವರಾಣೆ. 2025ರ ಜನವರಿಯಲ್ಲಿ 'ಸ್ಕೈ ಫೋರ್ಸ್' ಅನ್ನೋ ಹಿಂದಿ ಸಿನಿಮಾ ಬಂದು ಗಲಾಟೆ ಆದಾಗಲೇ ನಾನು ಮೊದಲ ಸಲ ಇದನ್ನೆಲ್ಲ ಓದಿದ್ದು. ಅದರಲ್ಲೂ ನೋಡಿ, ಕಥೆ ಇವರದ್ದು, ಪಾತ್ರಕ್ಕೆ ಹೆಸರು ಬೇರೆ! ಕೊಡವರು ಸಿಟ್ಟಾದರು. ಸಿನಿಮಾದಲ್ಲಿ ಅದೆಲ್ಲ ಇರುತ್ತೆ ಬಿಡಿ ಅಂತ ಆವಾಗ ನಾನೇ ಕಾಮೆಂಟ್ ಹಾಕಿದ್ದೆ. ಯಾರೂ ಹುಡುಕೋಕೆ ಹೋಗಬೇಡಿ, ಇವತ್ತು ಬೆಳಿಗ್ಗೆ ಅಳಿಸಿದ್ದೇನೆ.

ಆ ಕಾರಿನವರಿಗೆ ನಾನು ಹೇಳಿದೆನಾ? ಹೇಳಿದೆ. ಹಾಲಿನ ಪ್ಯಾಕೆಟ್ ಹಿಡಕೊಂಡು, ಕೊಡೆ ವಾಲಿಸಿಕೊಂಡು, ಹುಡುಗನಿಗೇ ಹೇಳಿದೆ. ಅಪ್ಪ ಎರಡು ಸಲ ಹಾರ್ನ್ ಹೊಡೆದರು. ಹುಡುಗ ಕದಲಲಿಲ್ಲ. ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ.

"ಆಂಟಿ, ಅವರ ಪ್ಲೇನಿಗೆ ಏಟು ಬಿದ್ದಿತ್ತಲ್ಲ, ಮತ್ತೆ ಹೇಗೆ ತಿರುಗಿಸಿದ್ರು?"