ಯಾವ ಸಂಪ್?

ಬೆಂಗಳೂರಿನಲ್ಲಿ ಸಂಪ್ ಎಂದರೆ ಅಂಗಳದ ನೆಲದಡಿಯ ನೀರಿನ ತೊಟ್ಟಿ. ಅದರ ಮೇಲೊಂದು ಕಬ್ಬಿಣದ ಮುಚ್ಚಳ, ಮುಚ್ಚಳದ ಮೇಲೆ ಮಾಲೀಕರ ಸ್ಕೂಟರು. ಮೀನು ಸಾಕುವವರ ಬಾಯಲ್ಲಿ ಸಂಪ್ ಬೇರೆಯದೇ. ಮೇಲಿನ ಗಾಜಿನ ತೊಟ್ಟಿಗಳಿಂದ ಇಳಿದ ನೀರನ್ನು ಸೋಸಿ, ಪಂಪಿನಿಂದ ಮತ್ತೆ ಮೇಲಕ್ಕೆ ಕಳುಹಿಸುವ ತೊಟ್ಟಿ ಅದು. ಈ ಎರಡು ಸಂಪುಗಳ ನಡುವೆ ಸಿಕ್ಕಿಕೊಂಡ ಬಾಡಿಗೆದಾರ ನಾನು.

ಮೊದಲ ಮಹಡಿಯ ನಮ್ಮ ಹಾಲಿನಲ್ಲಿ ಮೂರು ತೊಟ್ಟಿಗಳಿದ್ದವು. ಏಂಜೆಲ್ ಮೀನುಗಳಿಗೆ ಮೂರಡಿಯದು, ಗಪ್ಪಿಗೂ ಟೆಟ್ರಾಗಳಿಗೂ ಎರಡೆರಡು ಅಡಿಯವು. ಮೂರಕ್ಕೂ ಮೂರು ಫಿಲ್ಟರ್, ಭಾನುವಾರವೆಲ್ಲ ಅವುಗಳ ಸ್ಪಂಜು ಹಿಂಡುವ ಚಾಕರಿ. ಆ ಚಾಕರಿ ತಪ್ಪಿಸಿಕೊಳ್ಳಲು ಎರಡು ತಿಂಗಳು ಚಾಕರಿ ಮಾಡಿ ಮೂರನ್ನೂ ಒಂದೇ ಸಂಪಿಗೆ ಜೋಡಿಸಿದೆ. ಗಾಜಿನಂಗಡಿಯಲ್ಲಿ ತೂತು ಕೊರೆಸಿ, ಟ್ಯಾಂಕ್ ಕನೆಕ್ಟರ್, ಎಲ್ಬೋ, ಟೀ, ಬಾಲ್ ವಾಲ್ವ್ ಎಲ್ಲ ತಂದು ಹಾಕಿದ್ದಾಯಿತು. ಸಹಾಯಕ್ಕೆ ಬಂದ ಪ್ಲಂಬರ್ ಪೈಪುಗಳ ಕಾಡನ್ನು ನೋಡಿ, "ಮೀನುಗಳಿಗೂ ಮೀಟರ್ ಹಾಕಿಸುತ್ತೀರಾ ಸಾರ್?" ಎಂದ. ನಕ್ಕು ಕೂಲಿ ಕೊಟ್ಟೆ. ಆಗ ನಗುವ ಸ್ಥಿತಿಯಲ್ಲಿದ್ದೆ.

ಮೂರನೆಯ ರಾತ್ರಿ ಕರೆಂಟ್ ಹೋಯಿತು.

ಪಂಪ್ ನಿಂತರೆ ನೀರೂ ನಿಲ್ಲುತ್ತದೆ ಎಂದು ನಾನು ನಂಬಿದ್ದೆ. ನೀರಿಗೆ ಆ ನಂಬಿಕೆ ಇರಲಿಲ್ಲ. ಹತ್ತಿದ ಪೈಪಿನಲ್ಲೇ ಅದು ಹಿಂದಕ್ಕೆ ಇಳಿಯತೊಡಗುತ್ತದೆ. ಪೈಪಿನ ಬಾಯಿಗೆ ಗಾಳಿ ಸಿಗುವವರೆಗೂ ಇಳಿಯುತ್ತಲೇ ಇರುತ್ತದೆ. ಚೆಂದ ಕಾಣಲೆಂದು ಆ ಬಾಯಿಗಳನ್ನು ನಾನು ನೀರಿನ ಮಟ್ಟಕ್ಕಿಂತ ಮೂರಿಂಚು ಕೆಳಗೆ ಇರಿಸಿದ್ದೆ. ಮೂರು ತೊಟ್ಟಿಗಳಿಂದ ಮೂರಿಂಚು ಎಂದರೆ ಸುಮಾರು 60 ಲೀಟರ್. ಸಂಪಿನಲ್ಲಿ ಖಾಲಿ ಜಾಗ ಇದ್ದದ್ದು 20 ಲೀಟರಿಗೆ. ಮಿಕ್ಕ 40 ಲೀಟರ್, ಅಂದರೆ ಎರಡು ಕ್ಯಾನ್ ನೀರು, ಹಾಲಿನಲ್ಲಿ ಹರಡಿಕೊಂಡು ಸೋಫಾದ ಕಾಲುಗಳ ಪರಿಚಯ ಮಾಡಿಕೊಂಡಿತು. ಈ ಲೆಕ್ಕವನ್ನೆಲ್ಲ ನಾನು ಹಾಕಿದ್ದು ಆಮೇಲೆ, ನೆಲ ಒರೆಸುತ್ತಾ. ಮನೆಯಲ್ಲಿದ್ದ ಟವೆಲುಗಳು ಸಾಲದೆ ಹೆಂಡತಿಯ ಯೋಗದ ಚಾಪೆಯನ್ನೂ ಬಳಸಿದೆ. ಚಾಪೆ ನೀರು ಹೀರುವುದಿಲ್ಲ ಎಂಬುದು ಆಗ ಗೊತ್ತಾಯಿತು. ಅದು ಯಾರ ಚಾಪೆ ಎಂಬುದು ಬೆಳಿಗ್ಗೆ ಗೊತ್ತಾಯಿತು.

ಎರಡು ದಿನ ಕೆಳಗಿನ ಮನೆಯಿಂದ ಸದ್ದಿಲ್ಲ. ಮೂರನೆಯ ದಿನ ಮಾಲೀಕರ ಫೋನು: "ಏನ್ರೀ, ಸಂಪ್ ತುಂಬಿ ಹರಿಯುತ್ತಿದೆ, ಗೊತ್ತಾಗಲಿಲ್ಲವೇ?"

ನಾನು ತಡಮಾಡಲಿಲ್ಲ. "ತಪ್ಪಾಯಿತು ಸಾರ್. ಕರೆಂಟ್ ಹೋದಾಗ ಹಿಂದಕ್ಕೆ ಹರಿಯುತ್ತದೆಂದು ತಿಳಿದಿರಲಿಲ್ಲ. 40 ಲೀಟರ್ ಅಷ್ಟೇ. ನಿಮ್ಮ ಸೀಲಿಂಗಿಗೆ ಏನಾದರೂ ಆಗಿದ್ದರೆ ಸುಣ್ಣ ನಾನೇ ಹೊಡೆಸುತ್ತೇನೆ" ಎಂದು ಒಂದೇ ಉಸಿರಿನಲ್ಲಿ ಒಪ್ಪಿಕೊಂಡುಬಿಟ್ಟೆ.

ಆ ಕಡೆ ಬಹಳ ಹೊತ್ತು ಮೌನ. ಅವರು ಹೇಳಿದ್ದು ಅಂಗಳದ ಸಂಪಿನ ವಿಷಯ. ಕಾವೇರಿ ನೀರು ಬಂದಿತ್ತು, ವಾಲ್ವ್ ತಿರುಗಿಸುವ ಪಾಳಿ ನನ್ನದಾಗಿತ್ತು. "ಮೇಲೆ ಎಷ್ಟು ತೊಟ್ಟಿಗಳಿವೆ?" ಎಂದರು ಕೊನೆಗೆ. ಬಾಡಿಗೆ ಕರಾರಿನಲ್ಲಿ ನಾಯಿ ಬೆಕ್ಕುಗಳಿಗೆ ನಿಷೇಧವಿತ್ತು. ಮೀನಿನ ಮಾತೇ ಇರಲಿಲ್ಲ. ನನ್ನ ಪರವಾಗಿದ್ದದ್ದು ಅದೊಂದೇ.

ಪರಿಹಾರಕ್ಕೆ ಖರ್ಚೇನೂ ಆಗಲಿಲ್ಲ, ಅದೇ ಹೊಟ್ಟೆಯುರಿ. ನೀರಿನ ಮಟ್ಟಕ್ಕಿಂತ ಸ್ವಲ್ಪವೇ ಕೆಳಗೆ, ಪೈಪಿನಲ್ಲಿ ಒಂದು ಸಣ್ಣ ತೂತು. ಮಟ್ಟ ಅಲ್ಲಿಗಿಳಿದ ಕೂಡಲೇ ಗಾಳಿ ನುಗ್ಗಿ ಹರಿವು ಕಡಿದುಹೋಗುತ್ತದೆ. ಆ ತೂತಿಗೆ ಪಾಚಿ ಕಟ್ಟದಂತೆ ನೋಡಿಕೊಳ್ಳಬೇಕು, ಅಷ್ಟೇ. ಈಗ ಭಾನುವಾರ ಸ್ಪಂಜು ಹಿಂಡುವುದಿಲ್ಲ. ಹಲ್ಲುಕಡ್ಡಿ ಹಿಡಿದು ತೂತು ಕೆದಕುತ್ತೇನೆ.

ನೀರು ಹಂಚಿಕೊಂಡವರು ಕಾಯಿಲೆಯನ್ನೂ ಹಂಚಿಕೊಳ್ಳುತ್ತಾರೆ ಎಂಬುದು ಮುಂದಿನ ತಿಂಗಳು ತಿಳಿಯಿತು. ಹೊಸದಾಗಿ ತಂದು ಬಿಟ್ಟ ಒಂದೇ ಒಂದು ಗಪ್ಪಿಯ ಮೈಮೇಲೆ ರವೆ ಉದುರಿಸಿದಂತೆ ಬಿಳಿ ಚುಕ್ಕೆಗಳು. ಆ ಪರಾವಲಂಬಿ ಮೀನಿನಿಂದ ಕಳಚಿ ತಳ ಸೇರಿ, ಒಂದು ನೂರಾಗಿ ಒಡೆದು, ಹೊಸ ಮೀನನ್ನು ಹುಡುಕಿ ಈಜುತ್ತದೆಯಂತೆ. ನನ್ನ ಮನೆಯಲ್ಲಿ ಅದು ಕಷ್ಟಪಟ್ಟು ಈಜಬೇಕಾಗಿರಲಿಲ್ಲ, ಪಂಪೇ ಮನೆಮನೆಗೆ ತಲುಪಿಸುತ್ತಿತ್ತು. ವಾರದೊಳಗೆ ಮೂರೂ ತೊಟ್ಟಿಗಳಿಗೆ ರವೆ ಹಂಚಿಕೆಯಾಯಿತು. ಉಪ್ಪು, ಔಷಧಿ, ಹೀಟರ್ ಎಂದು ಓಡಾಡಿ ಬಹುಪಾಲು ಮೀನುಗಳನ್ನು ಉಳಿಸಿಕೊಂಡೆ.

ಈ ಗದ್ದಲದಲ್ಲಿ ಸಂಪಿನೊಳಗೆ ಇಣುಕಿದಾಗ ಕಂಡದ್ದು ಬೇರೆ. ಯಾವಾಗಲೋ ಪೈಪಿನಲ್ಲಿ ಜಾರಿ ಬಿದ್ದ ಗಪ್ಪಿಯೊಂದು ಕತ್ತಲಲ್ಲಿ, ಯಾರ ಉಪಚಾರವೂ ಇಲ್ಲದೆ, ಮರಿಗಳ ದೊಡ್ಡ ಸಂಸಾರ ಹೂಡಿತ್ತು.

ಮಾಲೀಕರಿಗೆ ಹೇಳಿದೆ. ಈಗ ಏನನ್ನೂ ಮುಚ್ಚಿಡುವ ಧೈರ್ಯ ನನಗಿಲ್ಲ. ಅವರು ಮೇಲೆ ಬಂದು, ಕನ್ನಡಕ ಏರಿಸಿ ನೋಡಿದರು. "ಗಪ್ಪಿ ಸೊಳ್ಳೆಮರಿ ತಿನ್ನುತ್ತದಲ್ಲವೇ? ಹಿತ್ತಲಿನ ಮಳೆನೀರಿನ ಸಂಪಿಗೆ ಒಂದು ಡಜನ್ ಕೊಡಿ" ಎಂದು ಸ್ಟೀಲ್ ಡಬ್ಬಿ ಚಾಚಿದರು.

ಮೊನ್ನೆ ಸಂಜೆ ಅವರ ಫೋನು ಮತ್ತೆ ಬಂತು: "ಏನ್ರೀ, ಸಂಪ್ ತುಂಬಿಹೋಗಿದೆ."

ಈ ಸಲ ನಾನು ಬಾಯಿಬಿಡುವ ಮೊದಲು ಕೇಳಿದೆ: "ಯಾವ ಸಂಪ್ ಸಾರ್? ನೀರೋ, ಮೀನೋ?"