ಸೆರಾಮಿಕ್ ಕೋಟಿಂಗ್ ಗೀರು ಅಳಿಸುವುದಿಲ್ಲ: ಒಂದು ಸ್ಪಷ್ಟನೆ

ಸೆರಾಮಿಕ್ ಕೋಟಿಂಗ್ ಮಾಡಿಸಿದರೆ ಹಳೆಯ ಗೀರುಗಳೆಲ್ಲ ಮಾಯವಾಗುತ್ತವೆ, ಮುಂದೆ ಕಾರು ತೊಳೆಯುವ ಅಗತ್ಯವೇ ಇರುವುದಿಲ್ಲ ಎಂಬ ಸಂದೇಶವೊಂದು ತುಮಕೂರಿನ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ, ಇದು ಸರಿಯಲ್ಲ. ಕೋಟಿಂಗ್ ಬಣ್ಣದ ಮೇಲೆ ಕೂರುವ ಅತಿ ತೆಳುವಾದ ಪಾರದರ್ಶಕ ಪದರವಾದ್ದರಿಂದ ಕೆಳಗಿನ ಗೀರನ್ನು ಅದು ಅಳಿಸಲಾರದು. ಗೀರು ತೆಗೆಯುವುದು ಅದಕ್ಕೂ ಮೊದಲು ನಡೆಯುವ ಪಾಲಿಶ್ ಕೆಲಸ. ಪಾಲಿಶ್ ಕಾರಿನ ಬಣ್ಣದ ಮೇಲೆ ಮೊದಲೇ ಇರುವ ಪಾರದರ್ಶಕ ಪದರವಾದ ಕ್ಲಿಯರ್ ಕೋಟನ್ನು ತುಸು ಸವೆಸಿಯೇ ಹೊಳಪು ತರುವುದರಿಂದ, ಉಗುರು ಸಿಕ್ಕುವಷ್ಟು ಆಳದ ಗೀರಿಗೆ ಸಾಮಾನ್ಯವಾಗಿ ಬಣ್ಣವನ್ನೇ ಹೊಡೆಸಬೇಕಾಗುತ್ತದೆ. ಕೋಟಿಂಗ್‌ಗೆ ಮೊದಲು ಈ ಪಾಲಿಶ್ ಇರುವುದರಿಂದಲೇ ಒಂದೇ ಮಾದರಿಯ ಎರಡು ಕಾರುಗಳಿಗೆ ಬೇರೆ ಬೇರೆ ದರ ಹೇಳುವುದು ಮೋಸವೇನಲ್ಲ, ಪಾಲಿಶ್‌ಗೆ ಹಿಡಿಯುವ ಗಂಟೆಗಳು ಬಣ್ಣದ ಸ್ಥಿತಿಯನ್ನು ಅವಲಂಬಿಸಿವೆ (ಕಾರು ನೋಡದೆ ಫೋನಿನಲ್ಲೇ ಖಚಿತ ದರ ಹೇಳುವವರ ಬಗ್ಗೆಯೇ ನನಗೆ ಅನುಮಾನ). ಇನ್ನು ಕೋಟಿಂಗ್ ಆದ ಮೇಲೂ ಕಾರು ತೊಳೆಯುವುದು ತಪ್ಪುವುದಿಲ್ಲ, ನಮ್ಮ ಬೋರ್‌ವೆಲ್‌ಗಳ ಗಡಸು ನೀರು ಒಣಗಿ ಉಳಿಸುವ ಬಿಳಿ ಕಲೆ ಕೋಟಿಂಗ್ ಮೇಲೂ ಕೂರುತ್ತದೆ. ತೊಳೆದ ಕೂಡಲೇ ಒರೆಸಲೇಬೇಕು.